ಅದ್ರಿಂದ ಏನ್ ಉಪಯೋಗ?

ಈ ಸಲ ಸಂಕ್ರಾಂತಿಗೆ ಊರಿಗೆ ಹೋದಾಗ ಬ್ಯಾಗಿನ ಜೊತೆ ಒಂದು ಉದ್ದನೆಯ ರಟ್ಟಿನ ಡಬ್ಬವೂ ಇತ್ತು. ಬಸ್ ಸ್ಟ್ಯಾಂಡಿಗೆ ಬೈಕ್ ತಂದಿದ್ದ ಅಪ್ಪ ಮೊದಲು ನೋಡಿದ್ದೇ ಅದನ್ನ.

"ಏನ್ಲಾ ಇದು?"

"ಗ್ಲೈಡರ್ ಅಪ್ಪ. ಇಂಜಿನ್ ಇಲ್ಲದ ವಿಮಾನ. ರಿಮೋಟಲ್ಲಿ ಹಾರಿಸೋದು."

"ಎಷ್ಟು ಕೊಟ್ಟೆ?"

ಅರ್ಧ ರೇಟು ಹೇಳಿದೆ. ಅಷ್ಟಕ್ಕೇ ಅಪ್ಪ ಬೈಕ್ ಸ್ಟಾರ್ಟ್ ಮಾಡೋದು ನಿಲ್ಲಿಸಿ ನನ್ನ ಮುಖ ನೋಡಿದ. "ಅದ್ರಿಂದ ಏನ್ ಉಪಯೋಗ?"

ಈ ಪ್ರಶ್ನೆ ನಮಗೆಲ್ಲ ಹೊಸದೇನಲ್ಲ. ಗಿಟಾರ್ ತಗೊಂಡರೂ ಕೇಳ್ತಾರೆ, ಟ್ರೆಕ್ಕಿಂಗ್ ಹೋದರೂ ಕೇಳ್ತಾರೆ. ಮನೆಯವರು ಕೇಳದಿದ್ದರೆ ನಾವೇ ಕೇಳ್ಕೋತೀವಿ. ಭಾನುವಾರ ಎರಡು ಗಂಟೆ ಏನಾದ್ರೂ ಮಾಡಿದರೆ ಅದು ರೆಸ್ಯೂಮೆಗೆ ಸೇರ್ತದಾ, ಯೂಟ್ಯೂಬ್ ಚಾನೆಲ್ ಆಗ್ತದಾ ಅಂತ ತಲೆ ತಾನಾಗೇ ಲೆಕ್ಕ ಹಾಕ್ತದೆ. ಅಪ್ಪನಿಗೆ ಅವತ್ತು ಉತ್ತರ ಕೊಡೋಕೆ ಆಗಲಿಲ್ಲ. ಆದರೆ ಇದೇ ಪ್ರಶ್ನೆಗೆ ಒಂದು ಗುಡ್ಡ ನೂರು ವರ್ಷದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದೆ. ಆ ಗುಡ್ಡದ ಕಥೆ ಹೇಳ್ತೀನಿ.

ಮೂರು ವರ್ಷದ ಹಿಂದೆ ಆನ್‌ಸೈಟ್ ಅಂತ ಎಂಟು ತಿಂಗಳು ಫ್ರಾಂಕ್‌ಫರ್ಟಿನಲ್ಲಿದ್ದೆ. ಅಲ್ಲಿ ಭಾನುವಾರ ಅಂದರೆ ಭಾನುವಾರವೇ, ಅಂಗಡಿಗಳೂ ಬಾಗಿಲು ಹಾಕಿರ್ತವೆ. ರೂಮಿನಲ್ಲಿ ಅನ್ನ ಸಾರು ಮಾಡ್ಕೊಂಡು ಕೂತಿರ್ತಿದ್ದ ನನ್ನನ್ನ ನೋಡಲಾರದೆ, ನಮ್ಮ ಟೀಮಿನ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ದಿನ ಕಾರಲ್ಲಿ ಕೂರಿಸ್ಕೊಂಡು ಹೊರಟರು. ಹೋಗಿದ್ದು ರೋನ್ ಅನ್ನೋ ಬೆಟ್ಟಸಾಲಿನ ವಾಸರ್‌ಕುಪ್ಪೆ ಗುಡ್ಡಕ್ಕೆ. ಎತ್ತರ 950 ಮೀಟರ್. ಹೆಸ್ಸೆನ್ ರಾಜ್ಯಕ್ಕೆ ಅದೇ ಅತಿ ಎತ್ತರದ ಜಾಗ. ನಮ್ಮ ಮುಳ್ಳಯ್ಯನಗಿರಿಯ ಅರ್ಧ ಅಂದ್ಕೊಳ್ಳಿ. ನೋಡೋಕೆ ಅಂಥಾ ಬೆಟ್ಟವೇನಲ್ಲ. ತಲೆ ಬೋಳು, ಮೈಯೆಲ್ಲ ಹುಲ್ಲು, ಸುತ್ತ ಇಳಿಜಾರು, ಯಾವಾಗಲೂ ಗಾಳಿ.

ಇಳಿಜಾರಿನ ಅಂಚಲ್ಲಿ ಆರೇಳು ಜನ ನಿಂತಿದ್ದರು. ಹೆಚ್ಚಿನವರು ರಿಟೈರ್ ಆಗಿರೋ ವಯಸ್ಸಿನವರು. ಕುತ್ತಿಗೆಗೆ ಪಟ್ಟಿ, ಪಟ್ಟಿಗೆ ರಿಮೋಟು. ಒಬ್ಬರು ಮೂರು ಮೀಟರ್ ರೆಕ್ಕೆಯ ಬಿಳಿ ಗ್ಲೈಡರನ್ನ ಕೈಯಲ್ಲೆತ್ತಿ ಗಾಳಿಗೆದುರಾಗಿ ನೂಕಿಬಿಟ್ಟರು. ಅದು ಕೆಳಗೆ ಬೀಳಬೇಕಿತ್ತು. ಬೀಳಲಿಲ್ಲ, ಲಿಫ್ಟಲ್ಲಿ ಹೋದಂಗೆ ಮೇಲಕ್ಕೆ ಹೋಯಿತು. ಸದ್ದೇ ಇಲ್ಲ. ಹತ್ತಿರ ಬಂದಾಗ ಮಾತ್ರ ರೆಕ್ಕೆ ಗಾಳಿ ಸೀಳುವ ಸುಯ್ ಅನ್ನೋ ಸದ್ದು.

ಇದರಲ್ಲಿ ಮಂತ್ರ ಏನಿಲ್ಲ. ಗ್ಲೈಡರ್ ಯಾವಾಗಲೂ ಬೀಳ್ತಾನೇ ಇರ್ತದೆ, ಆದರೆ ನಿಧಾನಕ್ಕೆ, ಮುಂದಕ್ಕೆ ಜಾರ್ತಾ ಬೀಳ್ತದೆ. ಗಾಳಿ ಗುಡ್ಡಕ್ಕೆ ಬಡಿದು ಮೇಲಕ್ಕೇಳುವ ವೇಗ, ಗ್ಲೈಡರ್ ಬೀಳುವ ವೇಗಕ್ಕಿಂತ ಜಾಸ್ತಿ ಇದ್ದರೆ ಅದು ಏರ್ತದೆ. ಎಸ್ಕಲೇಟರ್ ಮೇಲೆ ಹಿಂದಕ್ಕೆ ನಡೆದಂಗೆ. ಅಷ್ಟೇ ಲೆಕ್ಕ. ಆದರೆ ಈ ಲೆಕ್ಕ ಹುಟ್ಟಿದ್ದರಲ್ಲಿ ಈ ಗುಡ್ಡದ ಪಾಲು ದೊಡ್ಡದು, ಮತ್ತೆ ಅದನ್ನ ಇಲ್ಲಿಗೆ ತಂದವರು ಸ್ಕೂಲ್ ಹುಡುಗರು.

1909ರಲ್ಲಿ ಡಾರ್ಮ್‌ಸ್ಟಾಟ್ ಊರಿನ ಹೈಸ್ಕೂಲ್ ಹುಡುಗರು ಸೇರ್ಕೊಂಡು ಹಾರಾಟದ ಸಂಘ ಕಟ್ಟಿದರು. ಕೋಲು, ಬಟ್ಟೆ, ತಂತಿ ಸೇರಿಸಿ ಗ್ಲೈಡರ್ ಮಾಡೋದು, ಹಾರಿಸೋದು, ಮುರಿಯೋದು, ಮತ್ತೆ ಮಾಡೋದು. ಒಳ್ಳೆ ಇಳಿಜಾರು ಹುಡುಕ್ತಾ 1911ರಲ್ಲಿ ವಾಸರ್‌ಕುಪ್ಪೆಗೆ ಬಂದರು. ಮಾರನೇ ವರ್ಷ ಅವರಲ್ಲೊಬ್ಬ, ಹಾನ್ಸ್ ಗೂಟರ್‌ಮೂಟ್, ಸಂಘದ ಹತ್ತನೇ ಗ್ಲೈಡರಿನಲ್ಲಿ 838 ಮೀಟರ್ ಹಾರಿದ. 112 ಸೆಕೆಂಡು. ನಾವು ಟ್ರಾಫಿಕ್ ಸಿಗ್ನಲ್ಲಿನಲ್ಲಿ ನಿಲ್ಲೋ ಹೊತ್ತು. ಆ ಕಾಲಕ್ಕೆ ಅದು ದೊಡ್ಡ ದಾಖಲೆ.

ಆಗ ಯಾರಾದರೂ "ಇದರಿಂದ ಏನು ಉಪಯೋಗ" ಅಂತ ಕೇಳಿದ್ದರೆ ಆ ಹುಡುಗರ ಹತ್ರ ಉತ್ತರ ಇರ್ತಿರಲಿಲ್ಲ. ರೈಟ್ ಸಹೋದರರು ಇಂಜಿನ್ ಇಟ್ಟು ಹಾರಿ ಆಗಲೇ ಒಂಬತ್ತು ವರ್ಷ ಆಗಿತ್ತು. ಇಂಜಿನ್ ಬಂದಮೇಲೆ ಗ್ಲೈಡರ್ ಯಾಕೆ ಬೇಕು? ಎರಡು ವರ್ಷ ಕಳೆಯೋದರಲ್ಲಿ ಮೊದಲ ಮಹಾಯುದ್ಧ ಬಂತು. ಹುಡುಗರು ಯುದ್ಧಕ್ಕೆ ಹೋದರು, ಹಲವರು ವಾಪಸ್ ಬರಲಿಲ್ಲ. ಗುಡ್ಡದ ಮೇಲೆ ಈಗಲೂ ಒಂದು ಸ್ಮಾರಕ ಇದೆ. ಕಲ್ಲಿನ ರಾಶಿ, ಅದರ ಮೇಲೆ ಕಂಚಿನ ಹದ್ದು. ಸತ್ತ ಪೈಲಟ್‌ಗಳ ನೆನಪಿಗೆ 1923ರಲ್ಲಿ ನಿಲ್ಲಿಸಿದ್ದು.

ಯುದ್ಧ ಸೋತ ಜರ್ಮನಿಗೆ 1919ರ ವರ್ಸೈ ಒಪ್ಪಂದದಲ್ಲಿ ವಾಯುಸೇನೆಯೇ ಇರಬಾರದು ಅಂತಾಯಿತು. ವಿಮಾನ, ಇಂಜಿನ್ ತಯಾರಿಕೆಗೂ ಬಿಗಿ ಕಟ್ಟುಪಾಡು. ಗ್ಲೈಡರ್ ಬಗ್ಗೆ ಮಾತ್ರ ಯಾರೂ ತಲೆ ಕೆಡಿಸ್ಕೊಂಡಿರಲಿಲ್ಲ, ಅದು ಆಟಿಕೆ ತಾನೇ! ಓಸ್ಕರ್ ಉರ್ಸಿನಸ್ ಅನ್ನೋ ಇಂಜಿನಿಯರ್ 1908ರಿಂದಲೇ ಹಾರಾಟದ ಬಗ್ಗೆ ಒಂದು ಪತ್ರಿಕೆ ನಡೆಸ್ತಿದ್ದರು. ಆ ಪತ್ರಿಕೆಯಲ್ಲೇ ಕರೆ ಕೊಟ್ಟರು: ಇಂಜಿನ್ ಇಲ್ಲದಿದ್ದರೆ ಬೇಡ, ಗ್ಲೈಡರ್ ತಗೊಂಡು ಗುಡ್ಡಕ್ಕೆ ಬನ್ನಿ, ಸ್ಪರ್ಧೆ ಮಾಡೋಣ. 1920ರ ಬೇಸಿಗೆಯಲ್ಲಿ ವಾಸರ್‌ಕುಪ್ಪೆ ಮೇಲೆ ಡೇರೆ ಹಾಕ್ಕೊಂಡು ಬಂದವರಲ್ಲಿ ಕಾಲೇಜು ಹುಡುಗರಿದ್ದರು, ಕೆಲಸ ಕಳೆದುಕೊಂಡ ಪೈಲಟ್‌ಗಳಿದ್ದರು. ಆ ವರ್ಷ ವುಲ್ಫ್‌ಗಾಂಗ್ ಕ್ಲೆಂಪರರ್ 2 ನಿಮಿಷ 22 ಸೆಕೆಂಡು ಹಾರಿದ್ದು ದೊಡ್ಡ ಸುದ್ದಿ. ಅದೇ ಸ್ಪರ್ಧೆಯಲ್ಲಿ ಒಬ್ಬ ಪೈಲಟ್ ಬಿದ್ದು ಸತ್ತೂ ಹೋದ.

ಮುಂದಿನ ಎರಡು ವರ್ಷದಲ್ಲಿ ಆಗಿದ್ದು ನಂಬೋಕೆ ಕಷ್ಟ. 1911ರಲ್ಲಿ ಅಮೆರಿಕದಲ್ಲಿ ಆರ್ವಿಲ್ ರೈಟ್ ಗ್ಲೈಡರಿನಲ್ಲಿ 9 ನಿಮಿಷ 45 ಸೆಕೆಂಡು ಹಾರಿದ್ದರು. ಹತ್ತು ವರ್ಷ ಅದನ್ನ ಯಾರೂ ಮುರಿದಿರಲಿಲ್ಲ. 1922ರ ಆಗಸ್ಟಿನಲ್ಲಿ ಹಾನೋವರ್ ವಿದ್ಯಾರ್ಥಿಗಳ 'ವ್ಯಾಂಪೈರ್' ಅನ್ನೋ ಗ್ಲೈಡರ್ ಹತ್ತಿ ಆರ್ಥರ್ ಮಾರ್ಟೆನ್ಸ್ ಒಂದು ಗಂಟೆಗೂ ಮೇಲೆ ಗಾಳಿಯಲ್ಲೇ ಇದ್ದ. ಮಾರನೇ ದಿನ ಹೆಂಟ್ಸೆನ್ ಎರಡು ಗಂಟೆ ದಾಟಿಸಿದ. ಒಂದು ವಾರದೊಳಗೆ ಮೂರು ಗಂಟೆ! ಇಂಜಿನ್ ಇದ್ದಿದ್ದರೆ ಇವರಾರೂ ಗಾಳಿ ಎಲ್ಲಿ ಏಳ್ತದೆ, ಎಲ್ಲಿ ಇಳೀತದೆ ಅಂತ ಇಷ್ಟು ಗಮನ ಕೊಡ್ತಿರಲಿಲ್ಲ. ಇಂಜಿನ್ ಇದ್ದವನಿಗೆ ಗಾಳಿ ಒಂದು ಅಡ್ಡಿ. ಇಲ್ಲದವನಿಗೆ ಅದೇ ಪೆಟ್ರೋಲು.

ಇದನ್ನ ಕೇಳ್ತಿದ್ದಾಗ ನನಗೆ ನೆನಪಾಗಿದ್ದು ನಮ್ಮೂರ ಕಣ. ಚಿತ್ರದುರ್ಗದ ಕಡೆ ಚಿಕ್ಕವನಿದ್ದಾಗ ರಾಗಿ ಬಡಿದ ಮೇಲೆ ತೂರೋಕೆ ಗಾಳಿಗೆ ಕಾಯಬೇಕಿತ್ತು. ಎತ್ತರದ ಮಣೆ ಮೇಲೆ ಅಪ್ಪ ಮೊರ ಹಿಡ್ಕೊಂಡು ನಿಂತರೆ ನಾವೆಲ್ಲ ಸುಮ್ಮನೆ ಕೂರಬೇಕು. ಬೇಲಿ ಮೇಲಿನ ಹುಲ್ಲು ಹೆಂಗೆ ಆಡ್ತದೆ, ಹೊಗೆ ಯಾವ ಕಡೆ ವಾಲ್ತದೆ ಅಂತ ನೋಡ್ತಾ ಇದ್ದು, ಇದ್ದಕ್ಕಿದ್ದಂತೆ "ಬರ್ತೈತೆ, ಏಳ್ರಲೇ" ಅನ್ನೋನು. ಎರಡು ಕ್ಷಣಕ್ಕೆ ಗಾಳಿ ಬಂದೇ ಬರ್ತಿತ್ತು. ಕಾಳು ಕಾಲ ಬುಡಕ್ಕೆ, ಹೊಟ್ಟು ಆಚೆಗೆ. 'ಗಾಳಿ ಬಂದಾಗ ತೂರಿಕೋ' ಅನ್ನೋ ಗಾದೆಯನ್ನ ನಾವೀಗ ಕಂಪನಿ ಬದಲಾಯಿಸೋದಕ್ಕೆ ಬಳಸ್ತೀವಿ. ಅದರಲ್ಲಿ ಕಷ್ಟದ ಕೆಲಸ ತೂರೋದಲ್ಲ, ಗಾಳಿ ಬರ್ತಿದೆ ಅಂತ ಗೊತ್ತಾಗೋದು.

ಗುಡ್ಡದ ಗಾಳಿ ಆದಮೇಲೆ ಅವರು ಓದಿದ್ದು ಬಯಲಿನ ಗಾಳಿ. ಬಿಸಿಲಿಗೆ ಕಾದ ಉತ್ತ ಹೊಲ, ಬಂಡೆಯ ಮೇಲಿನ ಗಾಳಿ ಬಿಸಿಯಾಗಿ ಮೇಲಕ್ಕೇಳ್ತದಲ್ಲ, ಅದಕ್ಕೆ ಥರ್ಮಲ್ ಅಂತಾರೆ. ಮಧ್ಯಾಹ್ನ ಹದ್ದು ರೆಕ್ಕೆ ಬಡಿಯದೇ ಸುತ್ತು ಹಾಕ್ತಾ ಚುಕ್ಕಿ ಆಗೋದು ಅದರ ಮೇಲೇ. ಆದರೆ ಪೈಲಟ್‌ಗೆ ತಾನು ಏರ್ತಿದ್ದೀನಾ ಇಳೀತಿದ್ದೀನಾ ಅಂತ ಗೊತ್ತಾಗಲ್ಲ. ಅದನ್ನ ತೋರಿಸುವ ವೇರಿಯೋಮೀಟರ್ ಅನ್ನೋ ಮೀಟರನ್ನ ಮೊದಲು ಚೆನ್ನಾಗಿ ಬಳಸಿಕೊಂಡವರಲ್ಲಿ ಆಸ್ಟ್ರಿಯಾದ ರಾಬರ್ಟ್ ಕ್ರೋನ್‌ಫೆಲ್ಡ್ ಒಬ್ಬ. 1929ರಲ್ಲಿ ಗ್ಲೈಡರಿನಲ್ಲಿ 100 ಕಿಲೋಮೀಟರ್ ದಾಟಿದ ಮೊದಲಿಗ. ಇವತ್ತು ನಾವು ಹಾರಿಸೋ ಮಾಡೆಲ್ ಗ್ಲೈಡರಿನೊಳಗೂ ಉಗುರಿನಷ್ಟು ದೊಡ್ಡ ವೇರಿಯೋಮೀಟರ್ ಇಡಬಹುದು. ಏರಿದರೆ ರಿಮೋಟಲ್ಲಿ ಬೀಪ್ ಬೀಪ್ ಅಂತದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ 1933ರಲ್ಲಿ ಹಿಟ್ಲರ್ ಬಂದ. ಗ್ಲೈಡರ್ ಸಂಘಗಳಿಗೆ ಮೊದಲ ಸಲ 'ಉಪಯೋಗ' ಸಿಕ್ಕಿತು.

ಊರೂರಲ್ಲಿ ತಮ್ಮ ಪಾಡಿಗೆ ತಾವಿದ್ದ ಸಂಘಗಳನ್ನ ಸರ್ಕಾರದ ಒಂದೇ ಒಕ್ಕೂಟಕ್ಕೆ ಸೇರಿಸಲಾಯಿತು. 1937ರಲ್ಲಿ ಅದು ನಾಜಿ ಪಕ್ಷದ ಹಾರಾಟ ದಳವೇ ಆಯಿತು. ಹುಡುಗರಿಗೆ ಮೊದಲು ಮಾಡೆಲ್ ಕಟ್ಟೋದು, ಆಮೇಲೆ ಗ್ಲೈಡರ್ ಹಾರಿಸೋದು, ಆಮೇಲೆ ವಾಯುಸೇನೆ. ಮೆಟ್ಟಿಲು ಮೆಟ್ಟಿಲಾಗಿ ಸಿಲಬಸ್ ತಯಾರು. ದುಡ್ಡು ಬಂತು, ಶೆಡ್ಡುಗಳು ಬಂದವು, ಯೂನಿಫಾರ್ಮ್ ಬಂತು. ಅಪ್ಪನ ಪ್ರಶ್ನೆಗೆ ಇಷ್ಟು ಚೊಕ್ಕವಾದ ಉತ್ತರ ಆ ಗುಡ್ಡ ಹಿಂದೆಂದೂ ಕೊಟ್ಟಿರಲಿಲ್ಲ. ಕ್ರೋನ್‌ಫೆಲ್ಡ್ ಯೆಹೂದಿ. ನೂರು ಕಿಲೋಮೀಟರ್ ಹಾರಿದವನಿಗೆ ಅಲ್ಲಿ ಜಾಗ ಉಳಿಯಲಿಲ್ಲ, ಬ್ರಿಟನ್ನಿಗೆ ಹೋದ. 1948ರಲ್ಲಿ ಅಲ್ಲೇ ಹೊಸ ಗ್ಲೈಡರೊಂದನ್ನ ಪರೀಕ್ಷಿಸುವಾಗ ಸತ್ತ.

1940ರ ಮೇ 10ರ ಬೆಳಗಿನ ಜಾವ ಬೆಲ್ಜಿಯಂನ ಎಬೆನ್ ಎಮಾಲ್ ಕೋಟೆಯ ಮೇಲೆ ಗ್ಲೈಡರುಗಳು ಸದ್ದಿಲ್ಲದೆ ಇಳಿದವು. ಒಳಗೆ ಸುಮಾರು 80 ಜರ್ಮನ್ ಸೈನಿಕರು. ಯಾರೂ ಗೆಲ್ಲಲಾರರು ಅಂದುಕೊಂಡಿದ್ದ ಆ ಕೋಟೆ ಮಾರನೇ ದಿನ ಶರಣಾಯಿತು. ಆ ಗ್ಲೈಡರನ್ನ ವಿನ್ಯಾಸ ಮಾಡಿದ ಸಂಸ್ಥೆಯ ಬೇರು ಇರೋದು ಇದೇ ವಾಸರ್‌ಕುಪ್ಪೆಯ ಸಂಶೋಧನಾ ಕೇಂದ್ರದಲ್ಲಿ. ಸದ್ದಿಲ್ಲ ಅನ್ನೋದು ನನಗೆ ಅವತ್ತು ಗುಡ್ಡದ ಮೇಲೆ ಎಷ್ಟು ಇಷ್ಟವಾಗಿತ್ತೋ, ಆ ಕೋಟೆಯವರಿಗೆ ಅದೇ ಸಾವಾಯಿತು.

ನಾವೂ ಈ ಕಥೆಯಿಂದ ಪೂರ್ತಿ ಹೊರಗಿಲ್ಲ. ವಿ. ಎಂ. ಘಾಟಗೆ ಅಂತ ಒಬ್ಬರು ಜರ್ಮನಿಯ ಗೊಟಿಂಗೆನ್‌ನಲ್ಲಿ ಪ್ರಸಿದ್ಧ ವಿಜ್ಞಾನಿ ಲುಡ್ವಿಗ್ ಪ್ರಾಂಟ್ಲ್ ಹತ್ತಿರ ಡಾಕ್ಟರೇಟ್ ಮಾಡಿ ಬಂದಿದ್ದರು. 'ವ್ಯಾಂಪೈರ್' ಗ್ಲೈಡರಿನ ರೆಕ್ಕೆಯ ಆಕಾರವೂ ಅದೇ ಗೊಟಿಂಗೆನ್‌ನದ್ದು. 1940ರ ಕೊನೆಗೆ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುವಾಯಿತಲ್ಲ, ಇವತ್ತಿನ ಎಚ್‌ಎಎಲ್, ಅಲ್ಲಿ ಮಾರನೇ ವರ್ಷವೇ ಘಾಟಗೆಯವರ ವಿನ್ಯಾಸದ 10 ಜನ ಕೂರುವ ಗ್ಲೈಡರ್ ತಯಾರಾಯಿತು. ಹೆಸರು ಜಿ-1. ಅದೂ ಯುದ್ಧದ ಕಾಲದ ಕೂಸೇ. ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಕ್ಯಾಬಿನೊಳಗೆ ಕೂತು ಎಷ್ಟೋ ಸಲ ಆ ಕಾಂಪೌಂಡ್ ನೋಡಿದ್ದೀನಿ. ಅಲ್ಲಿ ಮೊದಮೊದಲು ತಯಾರಾದವುಗಳಲ್ಲಿ ಇಂಜಿನ್ ಇಲ್ಲದ ವಿಮಾನವೂ ಒಂದು ಅಂತ ಗೊತ್ತಾಗೋಕೆ ನಾನು ಜರ್ಮನಿಗೆ ಹೋಗಬೇಕಾಯಿತು.

ಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಗ್ಲೈಡರಿಗೂ ನಿಷೇಧ ಬಿತ್ತು. ಆಟಿಕೆ ಅಂತ ಈ ಸಲ ಯಾರೂ ಬಿಡಲಿಲ್ಲ. 1951ರಲ್ಲಿ ನಿಷೇಧ ಹೋಯಿತು. ಗುಡ್ಡದ ತುದಿಯಲ್ಲಿ ಅಮೆರಿಕದವರ ರೇಡಾರ್ ಗುಮ್ಮಟಗಳು ಎದ್ದಿದ್ದವು, ಪೂರ್ವ ಜರ್ಮನಿಯ ಗಡಿ ಅಲ್ಲಿಂದ ಹತ್ತಿರ. ಈಗ ಒಂದು ಗುಮ್ಮಟ ಮಾತ್ರ ಉಳಿದಿದೆ, ಪ್ರವಾಸಿಗಳು ಹತ್ತಿ ಸುತ್ತಲಿನ ನೋಟ ನೋಡ್ತಾರೆ. ಪಕ್ಕದಲ್ಲಿ ಗ್ಲೈಡರ್ ಮ್ಯೂಸಿಯಂ. ಅದರ ಹೆಸರಲ್ಲೇ ಮಾಡೆಲ್ ಹಾರಾಟವೂ ಸೇರಿದೆ. ಅಂದರೆ ದೊಡ್ಡ ಗ್ಲೈಡರಿಗೆ ಇರುವ ಮರ್ಯಾದೆಯೇ ಮಾಡೆಲ್‌ಗೂ ಇದೆ.

ಮಾಡೆಲ್‌ಗೆ ರೇಡಿಯೋ ಬಂದ ಕಥೆ ಬೇರೆ ಕಡೆಯದು. 1898ರಲ್ಲಿ ನ್ಯೂಯಾರ್ಕಿನಲ್ಲಿ ಟೆಸ್ಲಾ ರೇಡಿಯೋದಿಂದ ಪುಟ್ಟ ದೋಣಿ ಓಡಿಸಿ ತೋರಿಸಿದ್ದರು. ವಿಮಾನಕ್ಕೆ ಅದನ್ನ ಚೆನ್ನಾಗಿ ಅಳವಡಿಸಿದವರು ಅಮೆರಿಕದ ಅವಳಿ ಸಹೋದರರು, ವಾಲ್ಟರ್ ಮತ್ತು ವಿಲಿಯಂ ಗುಡ್, 1937ರ ಹೊತ್ತಿಗೆ. ಅವರ 'ಗಫ್' ವಿಮಾನ ಈಗ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ. ಮೊದಮೊದಲ ರಿಮೋಟಿನಲ್ಲಿ ಇದ್ದದ್ದು ಒಂದೇ ಗುಂಡಿ. ಒಂದು ಸಲ ಒತ್ತಿದರೆ ಬಲಕ್ಕೆ, ಬಿಟ್ಟರೆ ನೇರ, ಮತ್ತೆ ಒತ್ತಿದರೆ ಎಡಕ್ಕೆ. ಹಿಂದಿನ ಸಲ ಯಾವ ಕಡೆ ತಿರುಗಿಸಿದ್ದೆ ಅಂತ ಮರೆತರೆ ಕಥೆ ಮುಗೀತು. ಟ್ರಾನ್ಸಿಸ್ಟರ್ ಬಂದು ರಿಸೀವರ್ ಹಗುರಾದ ಮೇಲೆ, 60ರ ದಶಕದಲ್ಲಿ, ಕಡ್ಡಿ ಎಷ್ಟು ವಾಲಿಸಿದರೆ ಅಷ್ಟೇ ತಿರುಗುವ ಈಗಿನ ರೀತಿ ಬಂತು.

ಅವತ್ತು ಗುಡ್ಡದ ಮೇಲೆ ಆ ಹಿರಿಯರು ತೋರಿಸಿದ್ದರಲ್ಲಿ ನನಗೆ ಅತಿ ಇಷ್ಟವಾಗಿದ್ದು ಹಳೇ ಫೋಟೋ ಒಂದರಲ್ಲಿದ್ದ ಬಟ್ಟೆ ಕ್ಲಿಪ್ಪು. ಆಗ ಜರ್ಮನಿಯಲ್ಲಿ ಮಾಡೆಲ್ ವಿಮಾನಗಳು 35 ಮೆಗಾಹರ್ಟ್ಸ್‌ನಲ್ಲಿ ಓಡ್ತಿದ್ದವು. ಅದರೊಳಗೆ ಕೆಲವೇ ಚಾನೆಲ್. ಒಂದೇ ಚಾನೆಲ್‌ನಲ್ಲಿ ಇಬ್ಬರು ರಿಮೋಟ್ ಆನ್ ಮಾಡಿದರೆ ಮೇಲಿರೋ ವಿಮಾನ ನೇರ ನೆಲಕ್ಕೆ. ಅದಕ್ಕೆ ಕ್ಲಬ್ಬಿನವರು ಒಂದು ಹಲಗೆ ನಿಲ್ಲಿಸಿ, ಚಾನೆಲ್‌ಗೆ ಒಂದರಂತೆ ಬಟ್ಟೆ ಕ್ಲಿಪ್ ಸಿಕ್ಕಿಸ್ತಿದ್ದರು. ನಿನ್ನ ಚಾನೆಲ್ಲಿನ ಕ್ಲಿಪ್ ತಗೊಂಡು ಆಂಟೆನಾಕ್ಕೆ ಹಾಕ್ಕೋ, ಹಾರಿಸು, ಇಳಿಸಿದ ಮೇಲೆ ವಾಪಸ್ ಇಡು. ಹಲಗೆ ಮೇಲೆ ಕ್ಲಿಪ್ ಇಲ್ಲ ಅಂದರೆ ಯಾರೋ ಮೇಲಿದ್ದಾರೆ, ಕಾಯಿ. ಕೋಡ್ ಬರೆಯೋರಿಗೆ ಗೊತ್ತಾಗಿರಬೇಕು, ಇದು ನಮ್ಮ ಮ್ಯೂಟೆಕ್ಸ್! ಪ್ರೊಡಕ್ಷನ್‌ನಲ್ಲಿ ಎರಡು ಥ್ರೆಡ್ ಒಂದೇ ಡೇಟಾಕ್ಕೆ ಕೈ ಹಾಕಿ ರಾತ್ರಿ ಎರಡು ಗಂಟೆಗೆ ನಮ್ಮನ್ನ ಎಬ್ಬಿಸೋ ತೊಂದರೆಯನ್ನ ಇವರು ಬಟ್ಟೆ ಕ್ಲಿಪ್ಪಿನಲ್ಲಿ ಬಗೆಹರಿಸಿದ್ದರು. ಈಗ 2.4 ಗಿಗಾಹರ್ಟ್ಸ್ ರಿಮೋಟುಗಳು ತಾವೇ ಹೊಂದಿಸ್ಕೋತವೆ, ಕ್ಲಿಪ್ ಬೇಕಿಲ್ಲ. ಆದರೆ ಕ್ಲಿಪ್ ಇದ್ದಾಗ ಪ್ರತಿಯೊಬ್ಬನೂ ಇನ್ನೊಬ್ಬನ ಹತ್ತಿರ ಹೋಗಿ "ನೀನು ಯಾವ ಚಾನೆಲ್" ಅಂತ ಮಾತಾಡಿಸಲೇಬೇಕಿತ್ತು. "ಈಗ ಬಂದು ಹಾರಿಸಿ ಸುಮ್ಮನೆ ಹೋಗ್ತಾರೆ" ಅಂತ ಆ ಹಿರಿಯರು ಬೇಜಾರು ಮಾಡ್ಕೊಂಡರು.

ಕೊನೆಗೆ ನನ್ನ ಕೈಗೂ ಒಂದು ರಿಮೋಟ್ ಕೊಟ್ಟರು. ಅವರದ್ದಕ್ಕೆ ಜೋಡಿಸಿದ್ದ ಕಲಿಕೆಯ ರಿಮೋಟ್, ನಾನು ತಪ್ಪು ಮಾಡಿದರೆ ಅವರು ತಗೋಬಹುದು. ದೂರ ಹೋಗುವಾಗ ಚೆನ್ನಾಗೇ ಇತ್ತು. ನಮ್ಮ ಕಡೆ ತಿರುಗಿ ಬರುವಾಗ ಎಡ ಬಲ ಅದಲುಬದಲಾಗ್ತದೆ. ನಾನು ಗಾಬರಿಯಾಗಿ ಕಡ್ಡಿಯನ್ನ ಹಿಂದಕ್ಕೆಳೆದೆ. ಮೂಗು ಮೇಲೆದ್ದಿತು, ವೇಗ ಸತ್ತಿತು, ಗ್ಲೈಡರ್ ಕಲ್ಲಿನಂತೆ ಬೀಳೋಕೆ ಶುರುವಾಯಿತು. ಅವರು ತಗೊಂಡು ಮೂಗನ್ನ ಕೆಳಗೆ ಮಾಡಿದರು. ವೇಗ ಬಂತು, ರೆಕ್ಕೆಗೆ ಜೀವ ಬಂತು. "ಭಯ ಆದಾಗ ಎಲ್ಲರೂ ಎಳೀತಾರೆ" ಅಂದರು. ಎಷ್ಟು ವರ್ಷದಿಂದ ಹಾರಿಸ್ತಿದ್ದೀರಿ ಅಂದೆ. 50 ವರ್ಷ ಅಂದರು. ಸ್ಪರ್ಧೆಗೆ ಹೋಗ್ತೀರಾ? ಇಲ್ಲ. ಯಾರಿಗಾದರೂ ಮಾಡಿ ಮಾರ್ತೀರಾ? ಇಲ್ಲ. ಅಪ್ಪನ ಪ್ರಶ್ನೆ ಅವತ್ತೇ ನನ್ನ ಬಾಯಲ್ಲೂ ಇತ್ತು ನೋಡಿ.

ಆಟದಿಂದ ಉಪಯೋಗ ಆಗೋದೇ ಇಲ್ಲ ಅಂತಲ್ಲ. ಕಡಲಹಕ್ಕಿಗಳು ರೆಕ್ಕೆ ಬಡಿಯದೆ ಹೆಂಗೆ ಹಾರ್ತವೆ ಅಂತ 1883ರಲ್ಲಿ ಲಾರ್ಡ್ ರೇಲಿ ಒಂದು ಲೆಕ್ಕ ಹೇಳಿದ್ದರು: ವೇಗದ ಗಾಳಿಗೂ ನಿಧಾನದ ಗಾಳಿಗೂ ನಡುವೆ ಸುತ್ತು ಹಾಕ್ತಾ ಇದ್ದರೆ ಪ್ರತಿ ಸುತ್ತಿಗೂ ವೇಗ ಹೆಚ್ಚಿಸ್ಕೋಬಹುದು ಅಂತ. ಅದನ್ನೇ ಗುಡ್ಡದ ಹಿಂಬದಿಯಲ್ಲಿ ಪ್ರಯೋಗ ಮಾಡಿ, 2021ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಪೆನ್ಸರ್ ಲಿಸೆನ್‌ಬಿ ಇಂಜಿನ್ ಇಲ್ಲದ ಮಾಡೆಲ್ ಗ್ಲೈಡರನ್ನ ಗಂಟೆಗೆ 882 ಕಿಲೋಮೀಟರ್ ವೇಗಕ್ಕೆ ಒಯ್ದರು. ಪ್ರಯಾಣಿಕರ ಜೆಟ್ ವಿಮಾನದ ಹತ್ತಿರದ ವೇಗ! ಉಪಯೋಗ ತಾನಾಗಿ ಬಂದರೆ ಬರಲಿ. ಉಪಯೋಗ ತೋರಿಸಿದರೆ ಮಾತ್ರ ಆಟ ಆಡಬಹುದು ಅಂತ ಯಾರೋ ಹೇಳೋಕೆ ಶುರು ಮಾಡಿದಾಗ ಎಚ್ಚರವಾಗಬೇಕು. ಆ ಗುಡ್ಡದ ಅತಿ ಕೆಟ್ಟ 12 ವರ್ಷ ಶುರುವಾಗಿದ್ದು ಹಂಗೇ. ಅಲ್ಲಿ ನಿಂತಿರೋ ರಿಟೈರ್ಡ್ ಮಂದಿ ಭಾನುವಾರ ಏನೂ ಉಪಯೋಗ ಇಲ್ಲದ ಕೆಲಸ ಮಾಡ್ತಿದ್ದಾರಲ್ಲ, ಅಷ್ಟಕ್ಕೆ ಬರೋಕೆ ಆ ಊರು ಎರಡು ಯುದ್ಧ ದಾಟಬೇಕಾಯಿತು.

ಇನ್ನು ನಮ್ಮೂರಿಗೆ ಬರ್ತೀನಿ. ಡಬ್ಬದಲ್ಲಿದ್ದದ್ದು ಒಂದೂವರೆ ಮೀಟರ್ ರೆಕ್ಕೆಯ, ಕೈಯಲ್ಲೇ ಎಸೆಯುವ ಗ್ಲೈಡರ್. ರೆಕ್ಕೆಯ ತುದಿ ಹಿಡಿದು ಡಿಸ್ಕಸ್ ಎಸೆದಂಗೆ ಮೈ ತಿರುಗಿಸಿ ಎಸೀಬೇಕು. ನುರಿತವರು ಎಸೆದರೆ 50–60 ಮೀಟರ್ ಮೇಲಕ್ಕೆ ಹೋಗ್ತದೆ, ನಾನು ಎಸೆದರೆ ಅದರ ಅರ್ಧ. ಸರ್ಕಾರದ ಡ್ರೋನ್ ಮ್ಯಾಪಿನಲ್ಲಿ ನಮ್ಮ ಹೊಲ ಹಸಿರು ವಲಯ ಅಂತ ಮೊದಲೇ ನೋಡ್ಕೊಂಡಿದ್ದೆ. ಹಬ್ಬದ ಮಾರನೇ ದಿನ ಹನ್ನೊಂದು ಗಂಟೆಗೆ ರಾಗಿ ಕೊಯ್ದ ಹೊಲಕ್ಕೆ ಹೋದೆ. ಅಪ್ಪ ಬದುವಿನ ಮೇಲೆ ಬೇವಿನ ನೆರಳಲ್ಲಿ ಕೂತ.

ಐದಾರು ಸಲ ಎಸೆದೆ. ಮುಕ್ಕಾಲು ನಿಮಿಷ, ಅರ್ಧ ನಿಮಿಷ, ಅಷ್ಟೇ. ವೇರಿಯೋಮೀಟರ್ ಒಂದೇ ಸಮ ಇಳಿಯೋ ಸದ್ದು. ಫೋನಿನಲ್ಲಿ ಗಾಳಿಯ ಆ್ಯಪ್ ತೆಗೆದು ನೋಡ್ತಾ ನಿಂತಿದ್ದಾಗ ಹಿಂದಿನಿಂದ ಅಪ್ಪನ ದನಿ.

"ಅದ್ರಾಗೆ ಏನ್ ನೋಡ್ತೀಯ? ಅಲ್ನೋಡು, ಹದ್ದು."

ಕರೇ ಬಂಡೆಯ ಮೇಲೆ ಒಂದು ಹದ್ದು ಸುತ್ತು ಹಾಕ್ತಿತ್ತು.

"ಅಲ್ಲಿಗ್ ಎಸಿ. ತಡಿ, ಈಗ್ ಬ್ಯಾಡ." ಅಪ್ಪ ಬದುವಿನ ಒಣಹುಲ್ಲು ನೋಡ್ತಾ ಇದ್ದ. ಎಷ್ಟೋ ವರ್ಷದಿಂದ ನಮ್ಮಲ್ಲಿ ಮಿಷಿನ್‌ನಲ್ಲೇ ರಾಗಿ ಮಾಡಿಸೋದು, ಕಣ ಇಲ್ಲ, ಗಾಳಿಗೆ ಕಾಯೋ ಕೆಲಸವೂ ಇಲ್ಲ. "ಹ್ಞಾಂ, ಎಸಿ."

ಎಸೆದೆ. ಬಂಡೆ ಮೇಲೆ ಹೋಗ್ತಿದ್ದಂತೆ ಒಂದು ರೆಕ್ಕೆ ತುಸು ಮೇಲೆದ್ದಿತು. ಅದೇ ಕಡೆ ತಿರುಗಿಸಿದೆ. ಬೀಪ್ ಬೀಪ್. ಹದ್ದಿನ ಕೆಳಗೆ ನನ್ನ ಗ್ಲೈಡರೂ ಸುತ್ತು ಹಾಕತೊಡಗಿತು. ಆರು ನಿಮಿಷ ಇಪ್ಪತ್ತು ಸೆಕೆಂಡು. ನನ್ನ ಮಟ್ಟಿಗೆ ಅದೇ ದಾಖಲೆ, ಗೂಟರ್‌ಮೂಟ್ ಹುಡುಗನಿಗಿಂತ ಜಾಸ್ತಿ.

ಇಳಿಸಿದ ಮೇಲೆ ಅಪ್ಪ ಬಂದು ಅದನ್ನ ಕೈಗೆ ತಗೊಂಡ. ಮೊರದಷ್ಟೂ ಭಾರ ಇಲ್ಲ ಅಂದ. ಉಪಯೋಗದ ಮಾತು ಎತ್ತಲಿಲ್ಲ.

"ಇನ್ನೊಂದ್ ಸಲ ಎಸಿ" ಅಂದ.